ಪಕ್ಕದ ಸೀಟಿನ ಬ್ರೇಕು

ಫೆಬ್ರವರಿ 3, ಸೋಮವಾರ

ತಮ್ಮನಿಗೆ ಜ್ವರ, ಕೆಮ್ಮು. ಈಗ ಎಲ್ಲರಿಗೂ ಬರುತ್ತಿರುವ ವೈರಸ್ ಜ್ವರವೇ ಅಂತೆ, ಬಿಸಿನೀರು ಕುಡಿದು ಬೆಚ್ಚಗೆ ಮಲಗಿದರೆ ಇಳಿಯುತ್ತದಂತೆ. ಬೀದಿ ಕೊನೆಯ ಡಾಕ್ಟರು ಅವನ ನಾಲಿಗೆಯನ್ನೂ ಸರಿಯಾಗಿ ನೋಡದೆ ಮಾತ್ರೆ ಬರೆದುಕೊಟ್ಟರು. ಮಲಗು ಎಂದರೆ ಮಲಗುವ ಆಸಾಮಿಯೇ ಇವನು? "ಪಾಠ ಇದೆ ಅಕ್ಕ" ಎಂದು ಮೂಗುಬಾಯಿಗೆ ಮಾಸ್ಕ್ ಸಿಕ್ಕಿಸಿಕೊಂಡು ಹೊರಟೇಬಿಟ್ಟ. ಕಾರಿನ ಕೀಲಿ ಕಿತ್ತುಕೊಂಡು ಕೋಣೆಗೆ ಅಟ್ಟಿದೆ. ನಲವತ್ತು ಹತ್ತಿರ ಬಂದರೂ ಇವನಿಗೆ ಎಲ್ಲವನ್ನೂ ನಾನೇ ಹೇಳಬೇಕು.

ನಮ್ಮ ಡ್ರೈವಿಂಗ್ ಶಾಲೆಯಲ್ಲಿ ಕಾರು ಒಂದು, ಕಲಿಸುವವರು ನಾವಿಬ್ಬರು. ಹೀಗಾಗಿ ಅವನ ವಿದ್ಯಾರ್ಥಿಗಳೂ ನನ್ನ ತಲೆಗೇ ಬಂದರು. ಮೊದಲ ದಿನವೇ ಗಣಿತದ ಮೇಡಂ ಜೊತೆ ಜಟಾಪಟಿ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಹೆಂಗಸು, ಬಾಯಿ ಜೋರು. ನಮ್ಮ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇದೆ. ಅದಿಲ್ಲದಿದ್ದರೆ ನಾನು ಈ ಕಸುಬಿಗೇ ಕೈಹಾಕುತ್ತಿರಲಿಲ್ಲ. ದೂರದಲ್ಲಿ ನಾಯಿ ಕಂಡಿತು, ಒತ್ತಿದೆ. ತಿರುವು ಬಂತು, ಒತ್ತಿದೆ. ಸೈಕಲ್ಲಿನವನೊಬ್ಬ ಅಡ್ಡ ಬರಬಹುದು ಅನ್ನಿಸಿತು, ಒತ್ತಿದೆ. ಮೇಡಂ ಸ್ಟೀರಿಂಗ್‌ನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಕಾರು ಓಡಿಸ್ತಿರೋದು ನಾನಾ, ನೀವಾ?"

"ಸದ್ಯಕ್ಕೆ ಇಬ್ರೂ."

"ನಿಮ್ಮ ತಮ್ಮ ಆ ಬ್ರೇಕ್ ಮುಟ್ಟೋದೇ ಇಲ್ಲ ಮೇಡಂ."

ಅದಕ್ಕೇ ಅವನ ಕೂದಲು ನನಗಿಂತ ಮೊದಲು ನೆರೆತಿದೆ ಎಂದೆ. ಅವನ ಕೈಯಲ್ಲಿ ಕಲಿತವರು ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾಗುತ್ತಾರೆ, ನಿಜ. ನನ್ನವರು ಎರಡು ಮೂರು ಸಲ ಹೋಗಿ ಬರುತ್ತಾರೆ. ಆದರೆ ನನ್ನ ಪಾಠದಲ್ಲಿ ಕಾರಿಗೆ ಇವತ್ತಿನವರೆಗೆ ಒಂದು ಗೀರು ಬಿದ್ದಿಲ್ಲ.

ಫೆಬ್ರವರಿ 6, ಗುರುವಾರ

ಜ್ವರ ಇಳಿದಿದೆ, ಕೆಮ್ಮು ಏರಿದೆ. ಶುರುವಾದರೆ ಮಂಚವೇ ಅಲ್ಲಾಡುತ್ತದೆ. "ಹಾಗೆ ಕೆಮ್ಮಿದ್ರೆ ಕರುಳು ಕಿತ್ತು ಬರುತ್ತೆ ಕಣೋ, ಅದುಮಿಕೋ" ಎಂದು ಗದರಿದೆ. ಬಾಯಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಅದುಮಿಕೊಂಡ. ಹೇಳಿದ ಮಾತು ಕೇಳುವುದರಲ್ಲಿ ಇವನನ್ನು ಬಿಟ್ಟರಿಲ್ಲ.

ಫೆಬ್ರವರಿ 8, ಶನಿವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಸೊಟ್ಟ. ಬರೆಯದೆ ಕೂತರೆ ತಲೆ ಕೆಟ್ಟುಹೋಗುತ್ತದೆ.

ಬೆಳಿಗ್ಗೆ ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಂಡು ಕೂತುಬಿಟ್ಟ. ಅಂಗಿಯ ಮೇಲಿನ ಗುಂಡಿ ಹಾಕಲು ಹೋದರೆ ಕೂಡುತ್ತಲೇ ಇಲ್ಲ. ಕತ್ತು ಊದಿಕೊಂಡು ಗಲ್ಲದವರೆಗೆ ಬಂದಿದೆ. "ಅಕ್ಕ, ಏನೋ ಆಗ್ತಿದೆ" ಎಂದ. ಆ ಧ್ವನಿ ಅವನದಲ್ಲ. ಯಾರೋ ಮೂಗು ಹಿಡಿದುಕೊಂಡು ಮಾತಾಡಿದ ಹಾಗಿತ್ತು. ಕತ್ತು ಒತ್ತಿ ನೋಡಿದೆ. ಚರ್ಮದ ಕೆಳಗೆ ಚರಚರ ಎಂದಿತು, ಒಣ ಹಿಟ್ಟಿನ ಪೊಟ್ಟಣ ಒತ್ತಿದ ಹಾಗೆ.

ಅವನನ್ನು ಪಕ್ಕದ ಸೀಟಿಗೆ ತಳ್ಳಿ ನಾನೇ ಓಡಿಸಿದೆ. 'ಎಲ್' ಬೋರ್ಡಿನ ಕಾರು ಹಾಗೆ ನುಗ್ಗಿ ಬರುವುದನ್ನು ಕಂಡು ಬಸ್ಸು ಲಾರಿಗಳೆಲ್ಲ ಪಕ್ಕಕ್ಕೆ ಸರಿದವು. ಆಂಬುಲೆನ್ಸಿಗೂ ಯಾರೂ ಇಷ್ಟು ದಾರಿ ಬಿಡುವುದಿಲ್ಲ.

ಸ್ಕ್ಯಾನ್ ಆಯಿತು. ಎದೆ ಡಾಕ್ಟರು ನನಗಿಂತ ಎಷ್ಟೋ ಚಿಕ್ಕ ಹೆಂಗಸು, ಮಾತು ಮಾತ್ರ ನಿಧಾನ. ವೈರಸ್ಸಿನಿಂದ ಶ್ವಾಸಕೋಶಕ್ಕೆ ಗಾಯವಾಗಿದೆಯಂತೆ. ಕೆಮ್ಮಿನ ಒತ್ತಡಕ್ಕೆ ಒಳಗಿನ ಸಣ್ಣ ಸಣ್ಣ ಗಾಳಿಚೀಲಗಳು ಒಡೆದು, ಸೋರಿದ ಗಾಳಿ ಎದೆಯ ನಡುವಿನಿಂದ ಏರಿ ಕತ್ತಿನ ಚರ್ಮದ ಕೆಳಗೆ ಸೇರಿಕೊಂಡಿದೆಯಂತೆ. ಬಲಗಡೆ ಶ್ವಾಸಕೋಶದ ಹೊರಗೂ ಗಾಳಿ ತುಂಬಿ, ಅದು ಅರ್ಧಕ್ಕರ್ಧ ಮುದುಡಿದೆಯಂತೆ. "ತುಂಬಾ ಅಪರೂಪ ಇದು, ಆದ್ರೆ ಆಗುತ್ತೆ" ಎಂದರು. ಅಪರೂಪದ್ದೆಲ್ಲ ನಮ್ಮ ಮನೆಯ ವಿಳಾಸ ಕೇಳಿಕೊಂಡೇ ಬರುತ್ತದೆ.

ಪಕ್ಕೆಯಲ್ಲಿ ಸಣ್ಣ ತೂತು ಮಾಡಿ ಕೊಳವೆ ಹಾಕಬೇಕಂತೆ. ಸಹಿಗೆಂದು ನಾನು ಕೈ ಚಾಚಿದೆ. "ಅವರಿಗೆ ಎಚ್ಚರ ಇದೆಯಲ್ಲಮ್ಮ, ಅವರೇ ಹಾಕ್ಲಿ" ಎಂದರು. ಒಳಗೆ ಕರೆದುಕೊಂಡು ಹೋದರು. ನನ್ನನ್ನು ಬಿಡಲಿಲ್ಲ.

ಫೆಬ್ರವರಿ 9, ಭಾನುವಾರ

ಕೊಳವೆಯ ಒಂದು ತುದಿ ಅವನ ಪಕ್ಕೆಯಲ್ಲಿ, ಇನ್ನೊಂದು ತುದಿ ನೆಲದ ಮೇಲಿನ ಬಾಟಲಿಯ ನೀರಿನಲ್ಲಿ. ಎದೆಯ ಗಾಳಿ ನೀರಿನೊಳಗಿಂದ ಗುಳ್ಳೆಯಾಗಿ ಹೊರಬರುತ್ತದೆ, ನೀರು ಅಡ್ಡ ಇರುವುದರಿಂದ ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಡಾಕ್ಟರು ಬಂದು ಕೆಮ್ಮಿ ಎನ್ನುತ್ತಾರಂತೆ. ಗುಳ್ಳೆ ಬಂದರೆ ಇನ್ನೂ ಸೋರುತ್ತಿದೆ ಎಂದು. ಬರದಿದ್ದರೆ ತೂತು ಮುಚ್ಚಿದೆ, ಕೊಳವೆ ತೆಗೆಯಬಹುದು. ಇವತ್ತು ಕೆಮ್ಮಿದ. ಗುಳುಗುಳು ಎಂದು ಬಾಟಲಿ ಕುದಿಯಿತು.

ಡಾಕ್ಟರನ್ನು ವರಾಂಡದಲ್ಲಿ ಹಿಡಿದು ಕೇಳಿದೆ, ಕೆಮ್ಮು ಅದುಮಿಕೋ ಎಂದು ನಾನೇ ಹೇಳಿದ್ದೆ, ಅದರಿಂದಲೇ ಹೀಗಾಯಿತೇ ಎಂದು.

"ಬಾಯಿ ಬಿಗಿ ಹಿಡಿದ್ರೆ ಒಳಗೆ ಒತ್ತಡ ಜಾಸ್ತಿ ಆಗೋದು ಹೌದು. ಬಾಯಿ ಬಿಟ್ಟು ಕೆಮ್ಮಿದೋರಿಗೂ ಇದು ಆಗಿದೆ. ಅದರಿಂದ್ಲೇ ಅಂತ ಯಾರೂ ಹೇಳೋಕಾಗಲ್ಲ."

ಹೌದು ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅಲ್ಲ ಎಂದಿದ್ದರೆ ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. ಎರಡೂ ಸಿಗಲಿಲ್ಲ.

ಫೆಬ್ರವರಿ 11, ಮಂಗಳವಾರ

ಮಾನ ಹೋಯಿತು.

ಎಕ್ಸ್‌ರೇ ಕೋಣೆಗೆ ನಡೆದುಕೊಂಡು ಹೋಗಬೇಕಿತ್ತು. ಬಾಟಲಿ ಅವನ ಕೈಗೆ ಕೊಟ್ಟರೆ ಬೀಳಿಸಿಯಾನೆಂದು ನಾನೇ ಎತ್ತಿಕೊಂಡೆ. ಡ್ರಿಪ್ ಬಾಟಲಿಯನ್ನು ಹಿಡಿಯುತ್ತಾರಲ್ಲ, ಹಾಗೆ ತಲೆಗಿಂತ ಎತ್ತರಕ್ಕೆ ಹಿಡಿದು ಠೀವಿಯಿಂದ ಹೊರಟೆ. ನರ್ಸ್‌ಗಳಿಗೆಲ್ಲ ಹಿರಿಯರಾದ ದೊಡ್ಡ ನರ್ಸ್ ಎಲ್ಲಿದ್ದರೋ, ವಾರ್ಡೆಲ್ಲ ಕೇಳುವ ಹಾಗೆ ಕೂಗಿದರು.

"ಕೆಳಗೆ! ಕೆಳಗಿಳಿಸಿ ಅದನ್ನ! ನೀರು ಎದೆಗೆ ವಾಪಸ್ ಹೋಗುತ್ತೆ!"

ಬಾಟಲಿ ಹಿಡಿದುಕೊಂಡು ಹಾಗೇ ನಿಂತೆ. ತಮ್ಮನೇ ಮೆಲ್ಲಗೆ ನನ್ನ ಕೈ ಇಳಿಸಿ ಬಾಟಲಿ ತೆಗೆದುಕೊಂಡ.

"ಕೊಡು ಅಕ್ಕ, ಇನ್ಮೇಲೆ ನಾನೇ ಹಿಡ್ಕೋತೀನಿ."

ಮೊಣಕಾಲಿನ ಮಟ್ಟದಲ್ಲಿ ಹಿಡಿದುಕೊಂಡು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ ಅವನು ಮುಂದೆ ನಡೆದ. ನನಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಚೀಲದ ಪಟ್ಟಿ ಹಿಡಿದುಕೊಂಡು ಹಿಂದೆ ಹೋದೆ.

ಫೆಬ್ರವರಿ 14, ಶುಕ್ರವಾರ

ಕತ್ತಿನ ಊತ ಇಳಿಯುತ್ತಿದೆ. ಧ್ವನಿ ಅರ್ಧ ವಾಪಸು ಬಂದಿದೆ. ಗುಳ್ಳೆ ಮಾತ್ರ ಹಾಗೇ ಇದೆ.

ಪಕ್ಕದ ಹಾಸಿಗೆಯ ಅಜ್ಜನಿಗೆ ಕೆಲಸವಿಲ್ಲ, ನಮ್ಮನ್ನೇ ನೋಡುತ್ತ ಮಲಗಿರುತ್ತಾನೆ. "ಯಾಕಮ್ಮ, ಅವನು ಕೆಮ್ಮಿದಾಗೆಲ್ಲ ನೀನು ನೆಲ ಒದೀತೀಯ?" ಎಂದು ಕೇಳಿದ. ನಾನೆಲ್ಲಿ ಒದ್ದೆ ಎಂದೆ. ತಮ್ಮ ನಕ್ಕು, ನಕ್ಕಿದ್ದಕ್ಕೆ ಪಕ್ಕೆ ನೋವಾಗಿ ಹಿಡಿದುಕೊಂಡ.

"ಬ್ರೇಕ್ ಒತ್ತುತ್ತಾಳೆ ಅಜ್ಜ. ಎಲ್ಲಿ ಕೂತ್ರೂ ಅವಳ ಕಾಲ ಕೆಳಗೆ ಒಂದು ಬ್ರೇಕ್ ಇರುತ್ತೆ."

ಮುದುಕನಿಗೆ ಕಣ್ಣು ಮಂಜು, ಇವನಿಗೆ ತಮಾಷೆ. ತಮ್ಮ ಮತ್ತೆ ಕೆಮ್ಮಿದಾಗ ನನ್ನ ಬಲಗಾಲನ್ನು ನಾನೇ ನೋಡಿಕೊಂಡೆ. ಸ್ವಲ್ಪ ಆಡಿತು, ಅಷ್ಟೇ.

ಸಂಜೆ ಗಣಿತದ ಮೇಡಂ ಪಾಠಕ್ಕೆ ಬಂದರು. "ಇವತ್ತು ಒಂದೇ ಒಂದು ಸುತ್ತು, ಆ ಬ್ರೇಕ್ ಮುಟ್ಟದೆ ಕೂತ್ಕೊಳ್ಳಿ ನೋಡೋಣ" ಎಂದು ಸವಾಲು ಹಾಕಿದರು. ಆಗಲಿ ಎಂದೆ. ಮುಟ್ಟಿದೆ. ಆದರೆ ಮೇಡಂ ಒತ್ತಿದ ಮೇಲೆ ಒತ್ತಿದ್ದು, ಅದು ಲೆಕ್ಕಕ್ಕಿಲ್ಲ.

ಫೆಬ್ರವರಿ 17, ಸೋಮವಾರ

ಇವತ್ತು ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ನಿಂತೇ ಮಾತಾಡಿ ಹೋಗುವವರು ಕೂತರೆಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

ಇಷ್ಟು ಹೊತ್ತಿಗೆ ಸೋರುವುದು ನಿಲ್ಲಬೇಕಿತ್ತು, ನಿಂತಿಲ್ಲ. ಇನ್ನೂ ಕಾಯಬಹುದು, ಆದರೆ ಕೊಳವೆ ಹೆಚ್ಚು ದಿನ ಇದ್ದರೆ ಸೋಂಕಿನ ಭಯ. ಆಪರೇಷನ್ ಮಾಡಿ ಹೊಲಿಯಬಹುದು, ಆದರೆ ವೈರಸ್ಸಿನ ಗಾಯ ಇನ್ನೂ ಹಸಿಯಾಗಿದೆ, ಶ್ವಾಸಕೋಶ ಹೊಲಿಗೆ ತಡೆದುಕೊಂಡೀತೆಂದು ಗ್ಯಾರಂಟಿ ಇಲ್ಲ. ಮೂರನೆಯದು, ಅವನ ತೋಳಿನಿಂದ ರಕ್ತ ತೆಗೆದು ಅದೇ ಕೊಳವೆಯಿಂದ ಎದೆಯೊಳಕ್ಕೆ ಬಿಡುವುದು. ಅದು ಹೆಪ್ಪುಗಟ್ಟಿ ತೂತಿಗೆ ಕೂತುಕೊಂಡರೆ ಗೆದ್ದ ಹಾಗೆ. ಇಲ್ಲದಿದ್ದರೆ ಮತ್ತೆ ಆಪರೇಷನ್ನೇ.

"ಆಪರೇಷನ್ ಮಾಡಿ" ಎಂದೆ.

ಡಾಕ್ಟರು ನನ್ನ ಕಡೆ ತಿರುಗಿ, "ನಾನು ಅವ್ರನ್ನ ಕೇಳಿದ್ದು" ಎಂದರು.

"ಅವನ ಪರವಾಗಿ ಹೇಳೋದು ನಾನೇ. ಮೊದಲಿಂದಲೂ."

"ಇರ್ಲಿ. ಇದೊಂದು ಅವ್ರೇ ಹೇಳ್ಲಿ."

ತಮ್ಮ ಬಾಟಲಿಯನ್ನು ನೋಡುತ್ತಿದ್ದ. ನನ್ನ ಮುಖ ನೋಡಿದ್ದರೆ ಆಪರೇಷನ್ ಎಂದೇ ಹೇಳುತ್ತಿದ್ದ, ಅದು ನನಗೆ ಗೊತ್ತು. ನೋಡಲಿಲ್ಲ.

"ರಕ್ತದ್ದೇ ಮಾಡೋಣ ಡಾಕ್ಟ್ರೇ. ಆಗ್ಲಿಲ್ಲ ಅಂದ್ರೆ ಆಮೇಲೆ ಆಪರೇಷನ್."

ಡಾಕ್ಟರು ಆ ಕಡೆ ಹೋದದ್ದೇ ತಡ, ಅವನ ಮೇಲೆ ಹರಿಹಾಯ್ದೆ. ಇದೇನು ಹುಡುಗಾಟವಾ, ನಿನಗೇನು ತಿಳಿಯುತ್ತೆ ಎಂದೆ.

"ಏನೂ ತಿಳಿಯಲ್ಲ ಅಕ್ಕ. ಆದ್ರೆ ಎದೆ ನಂದಲ್ವಾ?"

ಅಜ್ಜ ಗೋಡೆ ಕಡೆ ತಿರುಗಿ ಮಲಗಿದ. ನಾನು ಎದ್ದು ಬಂದು ಕಾರಿನಲ್ಲಿ ಕೂತೆ. ಅಮ್ಮ ಹೋದಾಗ ಇವನಿನ್ನೂ ಶಾಲೆಗೂ ಸೇರಿರಲಿಲ್ಲ. ಅಂಗಿ ಬಣ್ಣ ಯಾವುದು, ಏನು ಓದಬೇಕು, ಯಾರ ಜೊತೆ ಆಡಬೇಕು, ಎಲ್ಲ ನಾನು ಹೇಳಿದ್ದು. ಒಂದು ದಿನ ಎದುರು ಮಾತಾಡಿದವನಲ್ಲ. ಈಗ ಹಾಸಿಗೆಯಲ್ಲಿ ಬಿದ್ದುಕೊಂಡು, ಅರ್ಧ ಶ್ವಾಸಕೋಶದಲ್ಲಿ ಎದುರು ಮಾತಾಡುತ್ತಾನೆ. ತಪ್ಪಾಗಿಬಿಟ್ಟರೆ? ಇವನಿಲ್ಲದ ಮನೆಗೆ ನಾನು ಹೋಗಿ ಏನು ಮಾಡಲಿ, ಯಾರನ್ನು ಗದರಲಿ? ನನಗೆ ತುಂಬ ಭಯವಾಗಿದೆ. ಬೇರೆ ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆದಿದ್ದೇನೆ.

ಫೆಬ್ರವರಿ 18, ಮಂಗಳವಾರ

ಅವನ ಜೊತೆ ಮಾತಿಲ್ಲ. ಹಾಲು, ಬ್ರೆಡ್ಡು ಇಟ್ಟು ಬಂದೆ.

ಫೆಬ್ರವರಿ 19, ಬುಧವಾರ

ಮಾತು ಬಿಟ್ಟವಳು ನಾನು, ಹಿಡಿದವಳೂ ನಾನೇ. ಡಾಕ್ಟರು ದೊಡ್ಡ ಸಿರಿಂಜು ಹಿಡಿದು ಬಂದರು. ನಾನು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಮಂಚಕ್ಕೆ ಅಡ್ಡ ನಿಂತೆ.

"ನಂದು ತಗೊಳ್ಳಿ. ಇಬ್ರದೂ ಒಂದೇ ಗುಂಪು. ಅವನು ಮೊದಲೇ ಸೊರಗಿದಾನೆ."

"ನಿಮ್ದು ಬರಲ್ಲಮ್ಮ. ಅವ್ರದೇ ಬೇಕು."

"ಒಂದೇ ಗುಂಪು ಅಂದ್ನಲ್ಲ."

"ಒಂದೇ ಗುಂಪಾದ್ರೂ ಅಷ್ಟೇ. ಅವ್ರ ಎದೆಗೆ ಅವ್ರದೇ ರಕ್ತ."

ಇಷ್ಟು ವರ್ಷದಲ್ಲಿ ಅವನಿಗೆ ಬೇಕಾದದ್ದು ನನ್ನ ಹತ್ತಿರ ಇಲ್ಲ ಎಂದು ಯಾರೂ ಹೇಳಿರಲಿಲ್ಲ. ತೋಳು ಇಳಿಸುವುದೂ ತೋಚದೆ ನಿಂತಿದ್ದೆ. ದೊಡ್ಡ ನರ್ಸ್ ಬಂದು ನನ್ನ ಅಂಗಿಯ ತೋಳಿನ ಮಡಿಕೆ ಬಿಚ್ಚಿ ಇಳಿಸಿ, ತುದಿಯ ಗುಂಡಿಯನ್ನೂ ಹಾಕಿ ಸ್ಟೂಲಿನ ಮೇಲೆ ಕೂರಿಸಿದರು. ಅವತ್ತು ವಾರ್ಡೆಲ್ಲ ಕೇಳುವಂತೆ ಕೂಗಿದವರು ಇವರೇ ಎಂದರೆ ನಂಬಲಾಗುವುದಿಲ್ಲ.

ಅವನ ತೋಳಿನಿಂದ ತೆಗೆದರು, ಬಿಸಿ ಆರುವ ಮೊದಲೇ ಕೊಳವೆಗೆ ಬಿಟ್ಟರು. ರಕ್ತ ಹಿಂದಕ್ಕೆ ಇಳಿದು ಬರಬಾರದೆಂದು ಕೊಳವೆಯ ನಡುಭಾಗವನ್ನು ಡ್ರಿಪ್ ಕಂಬಕ್ಕೆ ಎತ್ತಿ ನೇತುಹಾಕಿದರು. ಬಾಟಲಿ ಮಾತ್ರ ನೆಲದ ಮೇಲೇ. ನಾನು ಎತ್ತಿದಾಗ ಬೈದರು, ಈಗ ಅವರೇ ಎತ್ತಿದ್ದಾರೆ.

ರಕ್ತ ಒಳಗೆಲ್ಲ ಹರಡಲಿ ಎಂದು ಮಗ್ಗುಲು ಬದಲಿಸುತ್ತಿರಬೇಕಂತೆ, ಎಡಕ್ಕೆ, ಬಲಕ್ಕೆ, ಅಂಗಾತ. ಪಾಠದಲ್ಲಿ ಹೇಳುವ ಹಾಗೆ "ಈಗ ಎಡಕ್ಕೆ" ಎಂದೆ. ಅಷ್ಟರಲ್ಲಿ ಅವನು ತಾನಾಗಿಯೇ ಎಡಕ್ಕೆ ಹೊರಳಿದ್ದ. ಆಮೇಲೆ ನಾನು ಹೇಳಲಿಲ್ಲ. ನಾನು ಹೇಳದೆಯೂ ಹೊರಳುತ್ತಿದ್ದ.

ಫೆಬ್ರವರಿ 20, ಗುರುವಾರ

ಜ್ವರ ಬಂದಿದೆ. ಗುಳ್ಳೆಯೂ ಇದೆ. ಜ್ವರ ಬರಬಹುದೆಂದು ಮೊದಲೇ ಹೇಳಿದ್ದೆವಲ್ಲ ಎನ್ನುತ್ತಾರೆ. ಅವರು ಹೇಳಿದ್ದರೆ ನನಗೆ ಭಯವಾಗಬಾರದೇ?

ನನ್ನ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಆಪರೇಷನ್ ಮುಗಿದಿರುತ್ತಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ನನ್ನನ್ನೇ ನೋಡುತ್ತಿದ್ದ, ಬೈಗುಳಕ್ಕೆ ಕಾದವನ ಹಾಗೆ. ಹಣೆಗೆ ಒದ್ದೆ ಬಟ್ಟೆ ಹಾಕಿದೆ. ನನಗೂ ಸುಸ್ತಾಗಿದೆ, ಇಲ್ಲದಿದ್ದರೆ ಬಿಡುತ್ತಿರಲಿಲ್ಲ.

ಫೆಬ್ರವರಿ 22, ಶನಿವಾರ

ಡಾಕ್ಟರು ಬಂದು "ಕೆಮ್ಮಿ" ಎಂದರು. ಕೆಮ್ಮಿದ. ಏನೂ ಇಲ್ಲ.

"ಇದು ಕೆಮ್ಮಾ? ಜೋರಾಗಿ."

ಜೋರಾಗಿ ಕೆಮ್ಮಿದ. ಅಜ್ಜ ಎದ್ದು ಕೂತು ಕತ್ತು ಚಾಚಿದ. ದೊಡ್ಡ ನರ್ಸ್ ಬಗ್ಗಿ ನೋಡಿದರು. ಕೊಳವೆಯೊಳಗೆ ನೀರು ಅವನ ಉಸಿರಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತಿತ್ತು, ಅಂದರೆ ಕೊಳವೆ ಕಟ್ಟಿಕೊಂಡಿಲ್ಲ. ಗುಳ್ಳೆ ಇಲ್ಲ. ಒಂದೂ ಇಲ್ಲ.

"ಇನ್ನೊಂದ್ಸಲ ಕೆಮ್ಮೋ" ಎಂದು ನಾನು ಕೇಳಿಕೊಂಡೆ. ಕೆಮ್ಮಬೇಡ ಎಂದು ಗದರಿದವಳ ಬಾಯಲ್ಲಿ ಈ ಮಾತು! ಅವನು ಇನ್ನೊಮ್ಮೆ ಕೆಮ್ಮಿದ. ಬಾಟಲಿಯ ನೀರು ತೆಪ್ಪಗಿತ್ತು. ಅಳು ತಡೆಯಲಾಗಲಿಲ್ಲ, ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ. ಅಜ್ಜನೂ ಅತ್ತ. ಅವನಿಗೇನು ಸಂಬಂಧವೋ.

ಫೆಬ್ರವರಿ 25, ಮಂಗಳವಾರ

ಕೊಳವೆ ತೆಗೆದರು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಅರಳಿದೆ. ಇನ್ನೆರಡು ದಿನ ನೋಡಿ ಕಳಿಸುತ್ತಾರೆ. ಭಾರ ಎತ್ತಬಾರದು, ವಿಮಾನ ಹತ್ತಬಾರದು, ಮುಂದಿನ ತಪಾಸಣೆವರೆಗೆ ಕಾರು ಓಡಿಸಬಾರದು. ಮತ್ತೆ ಎದೆನೋವೋ ಏದುಸಿರೋ ಬಂದ ತಕ್ಷಣ ಓಡಿ ಬರಬೇಕು. ವಿಮಾನ ಹತ್ತಬಾರದು ಎಂದಾಗ ತಮ್ಮ ಬಹಳ ನಿರಾಸೆಯಾದವನ ಹಾಗೆ ಮುಖ ಮಾಡಿದ. ನಾವು ಇವತ್ತಿನವರೆಗೆ ವಿಮಾನ ಹತ್ತಿದವರೇ ಅಲ್ಲ. ಡಾಕ್ಟರು ನಗುವುದನ್ನು ಮೊದಲ ಸಲ ನೋಡಿದೆ.

ಮಾರ್ಚ್ 10, ಸೋಮವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ, ದೇವರ ದಯೆ. ಅವನು ಮನೆಯಲ್ಲಿ ಮೆಲ್ಲಮೆಲ್ಲಗೆ ಓಡಾಡುತ್ತಾನೆ, ಉಸಿರಿನ ವ್ಯಾಯಾಮ ಮಾಡುತ್ತಾನೆ. ಮರೆತರೆ ನೆನಪಿಸೋಣವೆಂದಿದ್ದೆ, ಮರೆಯುವುದಿಲ್ಲ.

ಗಣಿತದ ಮೇಡಂ ಇವತ್ತು ಡ್ರೈವಿಂಗ್ ಪರೀಕ್ಷೆ ಪಾಸಾದರು, ಒಂದೇ ಸಲಕ್ಕೆ. ನನ್ನ ಕೈಯಲ್ಲಿ ಕಲಿತು ಹಾಗೆ ಪಾಸಾದವರು ಇವರೇ ಮೊದಲು. ಲೆಕ್ಕದವರಿಗೆ ಅಂದಾಜು ಚೆನ್ನಾಗಿರುತ್ತದೆಂದು ಕಾಣುತ್ತದೆ. ನನ್ನ ಕೈ ಹಿಡಿದುಕೊಂಡು, "ಕೊನೇ ವಾರ ನೀವು ಎಷ್ಟು ಚೆನ್ನಾಗಿ ಕಲಿಸಿದ್ರಿ ಮೇಡಂ" ಎಂದರು. ಕೊನೆಯ ವಾರ ನಾನು ಏನೂ ಕಲಿಸಲೇ ಇಲ್ಲ. ಆಸ್ಪತ್ರೆಯ ಓಡಾಟದ ದಣಿವು ಇನ್ನೂ ಇಳಿಯದೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ.

ಏಪ್ರಿಲ್ 7, ಸೋಮವಾರ

ತಪಾಸಣೆ ಮುಗಿಯಿತು. ಎದೆ ಸ್ವಚ್ಛ. ಪಾಠ ಶುರುಮಾಡಬಹುದು, ಕಾರು ಓಡಿಸಬಹುದು ಎಂದರು ಡಾಕ್ಟರು. ಹೋಗುವಾಗ ನಾನು ಓಡಿಸಿದ್ದೆ. ಬರುವಾಗ ಅವನು ಕೈ ಚಾಚಿದ, ಕೀಲಿ ಕೊಟ್ಟೆ.

ಬಿಸಿಲು ಚೆನ್ನಾಗಿತ್ತು. ದಾರಿಯಲ್ಲಿ ಅದೂ ಇದೂ ಮಾತಾಡಿದೆವು. ಅಜ್ಜ ಮನೆಗೆ ಹೋದನಂತೆ, ದೊಡ್ಡ ನರ್ಸ್ ಹೇಳಿದರು. ನಾಲ್ಕು ರಸ್ತೆ ಕೂಡುವಲ್ಲಿ ಎದುರಿಗೆ ಲಾರಿ, ಪಕ್ಕದಲ್ಲಿ ಬಸ್ಸು, ಧೂಳು ಬೇರೆ. ತಮ್ಮನಿಗೆ ಕೆಮ್ಮು ಬಂತು. ಬಾಯಿ ಬಿಟ್ಟು ಕೆಮ್ಮಿದ. ಚೀಲದಿಂದ ನೀರು ತೆಗೆದುಕೊಟ್ಟೆ, ಕುಡಿದು ಮುಂದೆ ಓಡಿಸಿದ.

ಮನೆ ಬಂತು. ಇಳಿಯಲು ನೋಡಿದರೆ ಕಾಲಿಗೆ ಜೋಮು ಹಿಡಿದಿದೆ. ದಾರಿಯುದ್ದಕ್ಕೂ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದೆ, ಅದಕ್ಕೆ. ಚಪ್ಪಲಿ ಯಾವಾಗ ಬಿಚ್ಚಿದ್ದೆನೋ ನೆನಪಿಲ್ಲ. ತಮ್ಮ ಈ ಕಡೆ ಬಂದು ಬಾಗಿಲು ತೆಗೆದವನು ನನ್ನ ಕಾಲುಗಳನ್ನೇ ನೋಡುತ್ತ ನಿಂತುಬಿಟ್ಟ.

"ಏನೋ ಹಾಗೆ ನೋಡ್ತೀಯ?"

"ಏನಿಲ್ಲ ಅಕ್ಕ."

ಕಣ್ಣಲ್ಲಿ ನೀರು. ಆ ರಸ್ತೆಯ ಧೂಳು ಬಿದ್ದಿರಬೇಕು. ಆಮೇಲೆ ಬಗ್ಗಿ, ನನ್ನ ಕಡೆಯ ಬ್ರೇಕಿನ ಅಡಿ ಸೇರಿಕೊಂಡಿದ್ದ ನನ್ನ ಚಪ್ಪಲಿಗಳನ್ನು ಎಳೆದು ತೆಗೆದು ಕಾಲ ಬಳಿ ಇಟ್ಟ. ಪಾಠದ ಕಾರಿನಲ್ಲಿ ಚಪ್ಪಲಿ ಅಲ್ಲಿ ಬಿಡಬಾರದೆಂದು ಎಲ್ಲರಿಗೂ ಹೇಳುವವಳು ನಾನೇ. ಅದಕ್ಕಾದರೂ ಗದರಿಯಾನೆಂದುಕೊಂಡೆ, ಗದರಲಿಲ್ಲ. ಅವನ ಭುಜ ಹಿಡಿದುಕೊಂಡು ಇಳಿದೆ.

ನಾಳೆಯಿಂದ ಬೆಳಗಿನ ಪಾಠ ಅವನದು.